ಮಕ್ಕಳ ತಲೆ ಎಣಿಸಿ ಶಾಲೆಗೆ ದುಡ್ಡು ಕೊಟ್ಟರೆ ನ್ಯಾಯ ಆಗುತ್ತದೆಯೇ?

ಸರ್ಕಾರಿ ಶಾಲೆಗಳಿಗೆ ಮಕ್ಕಳ ಸಂಖ್ಯೆ ನೋಡಿ ದುಡ್ಡು ಹಂಚಿದರೆ ಯಾರಿಗೂ ತಕರಾರು ಇರಲ್ಲ ಅಲ್ವಾ, ಎಂದು ಕೇಳಿದ್ದೀರಿ. ನಾನು ಮುಂಬಯಿಯಲ್ಲಿ ಮುನ್ಸಿಪಾಲ್ಟಿ ಶಾಲೆಯೊಂದರ ಪಾಲಕರ ಕಡೆಯಿಂದ ವ್ಯವಸ್ಥಾಪನ ಸಮಿತಿಯಲ್ಲಿದ್ದವನು. ತಕರಾರು ಇದೆ.

ಶಾಲೆಯ ರಿಪೇರಿ, ಸಾಮಾನುಗಳ ಖರ್ಚಿಗೆ ಕೇಂದ್ರ ಸರ್ಕಾರದ ಸಮಗ್ರ ಶಿಕ್ಷಾ ಯೋಜನೆಯ ವಾರ್ಷಿಕ ಅನುದಾನ ಈಗಲೂ ಸಂಖ್ಯೆ ನೋಡಿಯೇ ಬರುತ್ತದೆ. 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಮೇಲೆ 1 ಲಕ್ಷ. ಲೆಕ್ಕ ಹಾಕಿ ನೋಡಿ. 30 ಮಕ್ಕಳ ಶಾಲೆಯಲ್ಲಿ ತಲೆಗೆ 333 ರೂಪಾಯಿ, 1,000 ಮಕ್ಕಳಿದ್ದಲ್ಲಿ 75. ಚಿಕ್ಕ ಶಾಲೆಗೇ ಜಾಸ್ತಿ ಸಿಕ್ಕಿತು ಅನ್ನಿಸುತ್ತದೆ. ಆದರೆ ಮಕ್ಕಳು ಕಡಿಮೆ ಅಂತ ನಲ್ಲಿ ರಿಪೇರಿಯವನು ಕಡಿಮೆ ತಗೊಳ್ಳುತ್ತಾನಾ? ಹಾಗಾಗಿ ಇದು ಸರಿಯಾಗಿಯೇ ಇದೆ. 31ರಲ್ಲಿ ಒಂದು ಮಗು ಊರಿಗೆ ಹೋದರೆ 15,000 ಕೈತಪ್ಪುತ್ತದಲ್ಲ, ಅದು ಮಾತ್ರ ಸರಿ ಕಾಣುವುದಿಲ್ಲ.

ನಿಜವಾದ ಅನ್ಯಾಯ ಇರುವುದು ಶಿಕ್ಷಕರ ಲೆಕ್ಕದಲ್ಲಿ. ಸಂಬಳಕ್ಕೆ ಹೋಗುವ ದುಡ್ಡಿನ ಮುಂದೆ ಈ ಅನುದಾನ ಚಿಲ್ಲರೆ. ಮುಂಬಯಿಯ ಮುನ್ಸಿಪಾಲ್ಟಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ಎಷ್ಟೋ ಕಡೆ ಒಂದೇ ಕಟ್ಟಡದಲ್ಲಿ ಎರಡು ಮೂರು ಮಾಧ್ಯಮದ ಶಾಲೆಗಳಿವೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ಕ್ಲಾಸಿನವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 120 ದಾಟಿದರೆ ಐವರು. ಅಂದರೆ ಕೆಳಮಹಡಿಯ ಹಿಂದಿ ಶಾಲೆಯಲ್ಲಿ 140 ಮಕ್ಕಳಿದ್ದರೆ ಕ್ಲಾಸಿಗೊಬ್ಬ ಟೀಚರ್. ಮೇಲಿನ ಕನ್ನಡ ಶಾಲೆಯಲ್ಲಿ 55 ಇದ್ದರೆ ಐದೂ ಕ್ಲಾಸಿಗೆ ಇಬ್ಬರೇ. ನಿಯಮ ಎಲ್ಲರಿಗೂ ಒಂದೇ. ಆದರೆ ಮೇಲಿನ ಮಹಡಿಯ ಮಗುವಿಗೆ ದಿನದಲ್ಲಿ ಅರ್ಧ ಹೊತ್ತೂ ಪಾಠ ಸಿಗುವುದಿಲ್ಲ. ಪಾಲಕರು ಇದನ್ನು ನೋಡಿ ಮಗುವನ್ನು ಬಿಡಿಸಿ ಇಂಗ್ಲಿಷ್ ಶಾಲೆಗೆ ಹಾಕುತ್ತಾರೆ. ಸಂಖ್ಯೆ ಇನ್ನೂ ಇಳಿಯುತ್ತದೆ.

ಚಿಕ್ಕ ಶಾಲೆಗಳನ್ನು ಸೇರಿಸಿಬಿಡಿ ಅನ್ನುವವರಿದ್ದಾರೆ. ಮರಾಠಿ, ಹಿಂದಿ ಶಾಲೆಗಳಿಗೆ ನಡೆದೀತು, ಪಕ್ಕದಲ್ಲೇ ಇನ್ನೊಂದು ಸಿಗುತ್ತದೆ. ಕನ್ನಡ ಶಾಲೆಗೆ ಆರು ವರ್ಷದ ಮಗು ಲೋಕಲ್ ಟ್ರೇನ್ ಹತ್ತಬೇಕು!

ಇನ್ನೊಂದು, ಎಣಿಸುವ ದಿನ. ಶಾಲೆಗಳ ಅಂಕಿಅಂಶ ಸೇರಿಸುವ ಸರ್ಕಾರಿ ವ್ಯವಸ್ಥೆಯಾದ ಯುಡೈಸ್‌ನಲ್ಲಿ ಸೆಪ್ಟೆಂಬರ್ 30ಕ್ಕೆ ಹಾಜರಿಯಲ್ಲಿದ್ದ ಹೆಸರೇ ಲೆಕ್ಕ. ಇಲ್ಲಿ ಹೋಟೆಲ್ ನಡೆಸುವ ನಮ್ಮ ಕನ್ನಡದವರ ಮಕ್ಕಳು ಕನ್ನಡ ಶಾಲೆ ಬಿಟ್ಟು ಎಷ್ಟೋ ಕಾಲವಾಯಿತು. ಈಗ ಬರುವವರು ಹೆಚ್ಚಾಗಿ ಕಲಬುರಗಿ, ಯಾದಗಿರಿ ಕಡೆಯ ಕಟ್ಟಡ ಕೆಲಸದವರ ಮಕ್ಕಳು. ಅವರಲ್ಲಿ ಎಷ್ಟೋ ಜನ ಗುಳೆ ಬರುವುದೇ ದೀಪಾವಳಿ ಆದ ಮೇಲೆ. ಮಗು ಬೆಂಚಿನ ಮೇಲಿರುತ್ತದೆ, ಲೆಕ್ಕದಲ್ಲಿ ಇರುವುದಿಲ್ಲ.

 

ನನ್ನ ಪ್ರಕಾರ ಮೊದಲು ಕ್ಲಾಸು ಎಣಿಸಬೇಕು, ಆಮೇಲೆ ಮಕ್ಕಳನ್ನು. ಕ್ಲಾಸಿಗೊಬ್ಬ ಶಿಕ್ಷಕರು ಅಲ್ಲದಿದ್ದರೂ ಐದು ಕ್ಲಾಸಿಗೆ ಮೂವರಾದರೂ ಬೇಕು. ಎಣಿಕೆ ಜನವರಿಯಲ್ಲಿ ಇನ್ನೊಮ್ಮೆ ಆಗಬೇಕು. ನಿಮ್ಮ ಮಗು ಸರ್ಕಾರಿ ಶಾಲೆಯಲ್ಲಿದ್ದರೆ ಸಮಿತಿಯ ಸಭೆಗೆ ಸುಮ್ನೆ ಸಹಿ ಹಾಕಲು ಹೋಗಬೇಡಿ. ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು ಕಾಯ್ದೆಯಲ್ಲೇ ಸಮಿತಿಗೆ ಕೊಟ್ಟ ಕೆಲಸ. ಯುಡೈಸ್‌ಗೆ ಎಷ್ಟು ಮಕ್ಕಳು ಎಂದು ಬರೆದು ಕಳಿಸಿದ್ದೀರಿ ಎಂದು ಹೆಡ್‌ಮಾಸ್ಟರನ್ನು ಕೇಳಿ.