ಬಾಸ್ ಮೀನಿಗೆ ಚಿಕ್ಕ ಬೇಟ್‌ಕಾಸ್ಟಿಂಗ್ ರೀಲು ತಗೊಳ್ಳೋದು ಸರಿನಾ? ಏನೇನು ನೋಡಿ ಕೊಳ್ಳಬೇಕು?

ಡಲ್ಲಾಸ್‌ನಲ್ಲಿ ವಾಸ, ಚಿಕ್ಕ ಕೈ, ಒಂದು ವರ್ಷದ ಸ್ಪಿನ್ನಿಂಗ್ ರೀಲು, 5 ಗ್ರಾಂ ಲ್ಯೂರ್ (ಮೀನನ್ನು ಸೆಳೆಯುವ, ಗಾಳವಿರುವ ನಕಲಿ ತಿನಿಸು) ಎಸೆಯುವ ಆಸೆ, ಹೊಸ ರೀಲಿಗೆ 150 ಡಾಲರ್, ವಾರಾಂತ್ಯ ಬಂದರೆ ಟೆಕ್ಸಸ್‌ನ ಲೇಕ್ ಫೋರ್ಕ್ ಜಲಾಶಯ. ನೀವು ಬರೆದದ್ದೆಲ್ಲ ಕೆಲವು ವರ್ಷದ ಹಿಂದಿನ ನನ್ನದೇ ಕಥೆ. ನಾನೂ ಅಂಗಡಿಗೆ ಹೋಗಿ ಅಂಗೈಯಲ್ಲಿ ಮುಚ್ಚಿಹೋಗುವಂಥ ಬೇಟ್‌ಕಾಸ್ಟರ್, ಅಂದರೆ ಬೇಟ್‌ಕಾಸ್ಟಿಂಗ್ ರೀಲು, ತಂದೆ. ಸ್ಪಿನ್ನಿಂಗ್ ರೀಲನ್ನು ಗೆಳೆಯನಿಗೆ ಮಾರಿಬಿಟ್ಟೆ.

ನೀವು ಅದನ್ನು ಮಾರಬೇಡಿ. ಮೊದಲು ಇದನ್ನೇ ಹೇಳಬೇಕು. ಚಿಕ್ಕ ರೀಲು ಇದ್ದರೆ ಹಗುರ ಲ್ಯೂರ್ ದೂರ ಹೋಗುತ್ತದೆ ಅಂತ ನೀವು ಅಂದುಕೊಂಡಿದ್ದೀರಿ. ಅದು ಹಾಗಲ್ಲ. ರೀಲಿನ ಮೈ ಚಿಕ್ಕದಾಗಿರೋದು ನಿಮ್ಮ ಕೈಗೋಸ್ಕರ. ಬೇಟ್‌ಕಾಸ್ಟರ್‌ನಲ್ಲಿ ಎಸೆದಾಗ ಲ್ಯೂರ್ ತನ್ನ ಬಲದಿಂದಲೇ ಸ್ಪೂಲನ್ನು, ಅಂದರೆ ಗಾಳದ ದಾರ (ಲೈನ್) ಸುತ್ತಿದ ಉರುಳೆಯನ್ನು, ತಿರುಗಿಸಬೇಕು. ಅದಕ್ಕೆ ಲೆಕ್ಕಕ್ಕೆ ಬರೋದು ಸ್ಪೂಲ್‌ನ ತೂಕ, ಅದರ ಮೇಲೆ ನೀವು ಸುತ್ತಿದ ಲೈನಿನ ತೂಕ. ಮೈಯ ಅಳತೆ ಅಲ್ಲ. ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್ ತಿರುಗೋದೇ ಇಲ್ಲ, ಲೈನ್ ಸುಮ್ನೆ ಕಳಚಿಕೊಂಡು ಹೋಗುತ್ತದೆ. ಹಾಗಾಗಿ 5 ಗ್ರಾಂ ಅಲ್ಲಿ ಸಲೀಸು. ಬೇಟ್‌ಕಾಸ್ಟರ್‌ನಲ್ಲಿ 10 ಗ್ರಾಂ ಮೇಲೆ ಹಾಯಾಗಿರುತ್ತದೆ, 7ಕ್ಕಿಂತ ಕೆಳಗೆ ಇಳಿದರೆ ಕಷ್ಟ ಶುರು. ಹಗುರ ಲ್ಯೂರಿಗೇ ಅಂತ ಮಾಡಿದ ಬೇಟ್ ಫಿನೆಸ್ ರೀಲುಗಳು ಬೇರೆ ಇವೆ. ಅವುಗಳ ಸ್ಪೂಲ್ ತುಂಬ ಹಗುರ, ಆಳ ಕಡಿಮೆ. ಫೋರ್ಕ್‌ನ ಮರಗಳ ನಡುವೆ ಬೇಕಾಗುವ ದಪ್ಪ ಲೈನ್ ಅದರಲ್ಲಿ ಸಾಕಷ್ಟು ಹಿಡಿಸುವುದಿಲ್ಲ.

ಈಗ ನಾನು ಮಾಡಿದ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಹೊಸ ರೀಲು ತಂದ ಮುಕ್ಕಾಲು ಜನ ಇದನ್ನೇ ಮಾಡುತ್ತಾರೆ, ಕೊನೆಗೆ ರೀಲು ಸರಿಯಿಲ್ಲ ಅಂತ ದೂರುತ್ತಾರೆ.

ಲೇಕ್ ಫೋರ್ಕ್ ನಿಮಗೆ ಗೊತ್ತೇ ಇದೆ. ಅಣೆಕಟ್ಟು ಕಟ್ಟಿದಾಗ ಮರಗಳನ್ನು ಕಡಿಯದೆ ಬಿಟ್ಟು ನೀರು ನಿಲ್ಲಿಸಿದ ಜಾಗ ಬೇಕಾದಷ್ಟಿದೆ. ಟೆಕ್ಸಸ್‌ನ ದಾಖಲೆ ಬಾಸ್, 18.18 ಪೌಂಡ್, 1992ರ ಜನವರಿಯಲ್ಲಿ ಅಲ್ಲೇ ಸಿಕ್ಕಿದ್ದು. ಒಣಮರ ಇದೆ, ದೊಡ್ಡ ಮೀನಿದೆ ಅಂತ ನಾನು 15 ಪೌಂಡ್ ಎಳೆತ ತಡೆಯುವ ಫ್ಲೋರೋಕಾರ್ಬನ್ (ಒಂದು ಬಗೆಯ ಪ್ಲಾಸ್ಟಿಕ್) ಲೈನ್ ತಂದೆ. ಅಲ್ಲಿಯವರೆಗೆ ಸರಿಯೇ. ಆದರೆ ಅದನ್ನು ಸ್ಪೂಲ್‌ನ ಅಂಚಿನವರೆಗೆ ತುಂಬಿದೆ. ಚಿಕ್ಕ ಸ್ಪೂಲ್, ಲೈನ್ ಕಡಿಮೆಯಾದೀತು ಅನ್ನುವ ಭಯ.

ಲೆಕ್ಕ ನೋಡಿ. ಫ್ಲೋರೋಕಾರ್ಬನ್‌ನ ಸಾಂದ್ರತೆ ಸುಮಾರು 1.78, ನೈಲಾನಿನದು ಸುಮಾರು 1.14. ಅಂದರೆ ಅಷ್ಟೇ ದಪ್ಪ, ಅಷ್ಟೇ ಉದ್ದದ ಲೈನ್ ಒಂದೂವರೆ ಪಟ್ಟು ಭಾರ. 0.33 ಮಿಲಿಮೀಟರ್ ದಪ್ಪದ ಲೈನ್ 100 ಗಜ ಸುತ್ತಿದರೆ ಹತ್ತಿರ ಹತ್ತಿರ 14 ಗ್ರಾಂ. ಚಿಕ್ಕ ರೀಲಿನ ಖಾಲಿ ಸ್ಪೂಲ್ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಕಂಪನಿಯವರು ಒಂದೊಂದು ಗ್ರಾಂ ಕೆತ್ತಿ ಹಗುರ ಮಾಡಿದ ಸ್ಪೂಲಿನ ಭಾರವನ್ನು ನಾನು ಮನೆಯಲ್ಲಿ ಕೂತು ಎರಡರಷ್ಟು ಮಾಡಿದ್ದೆ. ಅದೂ ಹೊರ ಅಂಚಿನಲ್ಲಿ. ತಿರುಗುವ ವಸ್ತುವಿನಲ್ಲಿ ಅಂಚಿನ ತೂಕವೇ ಜಾಸ್ತಿ ಕಾಡೋದು.

ಲೋಡ್ ತುಂಬಿದ ಲಾರಿ ಹೊರಡೋದೂ ತಡ, ನಿಲ್ಲೋದೂ ತಡ ಅಲ್ವಾ? ಹಾಗೇ ಆಯಿತು. ಲ್ಯೂರ್ ಎಳೆದಾಗ ಸ್ಪೂಲ್ ಬೇಗ ಏಳುವುದಿಲ್ಲ. ಎದ್ದ ಮೇಲೆ, ಗಾಳಿಗೆ ಲ್ಯೂರ್ ನಿಧಾನವಾದರೂ ಸ್ಪೂಲ್ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಹೊರಗೆ ಹೋಗಲಾರದ ಲೈನ್ ಸ್ಪೂಲ್ ಮೇಲೇ ಕುಣಿಕೆ ಕುಣಿಕೆಯಾಗಿ ಉಬ್ಬುತ್ತದೆ. ಅದೇ ಬ್ಯಾಕ್‌ಲ್ಯಾಶ್. ಟೆಕ್ಸಸ್‌ನ ಮಾರ್ಚ್ ಗಾಳಿ ಎದುರಿಗಿದ್ದರಂತೂ ಕೇಳೋದೇ ಬೇಡ. ನಾನು ಸ್ಪೂಲಿನ ವೇಗ ತಡೆಯುವ ಬ್ರೇಕ್ ಪೂರ್ತಿ ಏರಿಸಿದೆ, ಸ್ಪೂಲನ್ನು ಪಕ್ಕದಿಂದ ಒತ್ತಿಹಿಡಿಯುವ ಟೆನ್ಷನ್ ನಾಬ್ ಬಿಗಿ ಮಾಡಿದೆ. ಆಗ ಲ್ಯೂರ್ ದೋಣಿಯ ಪಕ್ಕದಲ್ಲೇ ಬೀಳತೊಡಗಿತು. ಸಡಿಲ ಮಾಡಿದರೆ ಮತ್ತೆ ಸಿಕ್ಕು.

ಸಿಕ್ಕು ಬಿಡಿಸುವಾಗ ಲೈನನ್ನು ಜೋರಾಗಿ ಜಗ್ಗುತ್ತಿದ್ದೆ. ಕಳೆದುಕೊಂಡದ್ದು ಅಲ್ಲಿ. ಜಗ್ಗಿದಾಗ ಒಳಗಿನ ಕುಣಿಕೆ ಮಡಿಸಿಕೊಂಡು ಒಂದು ಕಡೆ ಮುರುಕಲು ಬೀಳುತ್ತದೆ. ನೈಲಾನ್ ಇದನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಫ್ಲೋರೋಕಾರ್ಬನ್ ಕ್ಷಮಿಸುವುದಿಲ್ಲ. ಕಣ್ಣಿಗೆ ಬಿಳಿಚಿಕೊಂಡ ಒಂದು ಚುಕ್ಕೆಯಂತೆ ಕಂಡರೆ ನಿಮ್ಮ ಅದೃಷ್ಟ. ಎಷ್ಟೋ ಸಲ ಕಾಣುವುದೇ ಇಲ್ಲ. ಬೆರಳ ನಡುವೆ ಎಳೆದರೆ ಮಾತ್ರ ಉಗುರಿಗೆ ತಟ್ಟುತ್ತದೆ. ನಾನು ಎಳೆದು ನೋಡಲಿಲ್ಲ. ಅದೇ ಲೈನಿನಲ್ಲಿ ಒಂದು ಜಿಗ್ (ತಲೆ ಭಾರದ ಗಾಳ) ಕಟ್ಟಿ ಮರದ ಬುಡಕ್ಕೆ ಬಿಟ್ಟೆ. ಒಳ್ಳೆ ಬಾಸ್ ಬಂತು. ನನ್ನ ರಾಡು ಅಷ್ಟು ಬಗ್ಗಿದ್ದು ಅದೇ ಮೊದಲು. ಮೇಲೆ ಬಂದು ಒಮ್ಮೆ ಬಾಯಿ ತೆರೆದು ತಲೆ ಕೊಡವಿತು. ಮರುಕ್ಷಣ ರಾಡು ನೆಟ್ಟಗಾಯಿತು. ಗಂಟು ಬಿಚ್ಚಿದ್ದರೆ ತುದಿ ಸುರುಳಿಯಾಗಿರುತ್ತದೆ. ನನ್ನ ಲೈನಿನ ತುದಿ ಮೊಂಡಾಗಿ ಕತ್ತರಿಸಿದ ಹಾಗಿತ್ತು, ಅದೂ ಜಿಗ್‌ನಿಂದ ಬಹಳ ಮೇಲೆ.

ಮೀನು ಕೈತಪ್ಪಿತು ಅಂತಲ್ಲ ನನ್ನ ಬೇಜಾರು. ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ಬಾಸ್ ಹಿಡಿದರೂ ಬಿಡಲೇಬೇಕು, ನಾನಂತೂ ಎಲ್ಲವನ್ನೂ ಬಿಡುತ್ತೇನೆ. ಬಾಯಲ್ಲಿ ಗಾಳ, ಹಿಂದೆ ಅಷ್ಟುದ್ದ ಲೈನ್ ಎಳೆದುಕೊಂಡು ಅದು ಮರಗಳ ನಡುವೆ ಹೋಯಿತಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಗಂಟಿನಲ್ಲಿ ಹರಿದಿದ್ದರೆ ಗಾಳ ಮಾತ್ರ ಉಳಿಯುತ್ತಿತ್ತು. ಲೈನ್ ಕೊಂಬೆಗೆ ಸುತ್ತಿಕೊಂಡರೆ ಮೀನು ಅಲ್ಲೇ ಸಾಯುತ್ತದೆ.

ಆಮೇಲೆ ಅದೇ ರೀಲಿಗೆ ಲೈನ್ ಬೇರೆ ಥರ ಸುತ್ತಿದೆ. ಕೆಳಗೆ ತೆಳು ನೈಲಾನ್, ಅದರ ಮೇಲೆ ಸುಮಾರು 50 ಮೀಟರ್ ಫ್ಲೋರೋಕಾರ್ಬನ್, ಅಂಚಿಗೆ ಎರಡು ಮಿಲಿಮೀಟರ್ ಬಾಕಿ ಇರುವಾಗ ನಿಲ್ಲಿಸಿದೆ. ನಾವು ಎಸೆಯೋದು 30 ಮೀಟರ್, ಬಾಸ್ ಸಮುದ್ರದ ಮೀನಿನ ಹಾಗೆ ನೂರಾರು ಮೀಟರ್ ಓಡುವುದಿಲ್ಲ. ರೀಲು ಬೇರೆಯೇ ಆದ ಹಾಗಿತ್ತು. ಬ್ರೇಕ್ ಅರ್ಧಕ್ಕೆ ಇಳಿಸಿದೆ. ನಾಬನ್ನು, ಸ್ಪೂಲ್ ಅತ್ತಿತ್ತ ಅಲುಗಾಡದಷ್ಟು ಮಾತ್ರ ತಿರುಗಿಸಿ ಬಿಟ್ಟೆ. ಸಿಕ್ಕಾದರೆ ಈಗ ಜಗ್ಗುವುದಿಲ್ಲ. ಹೆಬ್ಬೆರಳನ್ನು ಸ್ಪೂಲ್ ಮೇಲೆ ಬಲವಾಗಿ ಒತ್ತಿ, ಹ್ಯಾಂಡಲ್ ಒಂದೆರಡು ಸುತ್ತು ತಿರುಗಿಸಿ, ಆಮೇಲೆ ಲೈನ್ ಮೆಲ್ಲಗೆ ಎಳೆಯುತ್ತೇನೆ. ಬಹಳ ಸಲ ಅಷ್ಟಕ್ಕೇ ಬಿಟ್ಟುಕೊಳ್ಳುತ್ತದೆ. ಬಿಡಿಸಿದ ಮೇಲೆ ಅಷ್ಟೂ ಲೈನನ್ನು ಬೆರಳಲ್ಲಿ ಸವರಿ ನೋಡುತ್ತೇನೆ. ಎಲ್ಲಾದರೂ ತಟ್ಟಿದರೆ ಅಲ್ಲಿಗೆ ಕತ್ತರಿ.

ಇನ್ನು ರೀಲಿನಲ್ಲಿ ಎಷ್ಟು ಬೇರಿಂಗ್ ಇರಬೇಕು ಅಂತ ನೀವು ಕೇಳಿದ ಲೆಕ್ಕ. ಅದನ್ನು ಮರೆತುಬಿಡಿ. ಡಬ್ಬಿಯ ಮೇಲಿನ ಆ ಸಂಖ್ಯೆಯಲ್ಲಿ ಎಸೆತಕ್ಕೆ ನೇರವಾಗಿ ಸೇರೋದು ಸ್ಪೂಲನ್ನು ಹಿಡಿದಿರುವ ಒಂದೆರಡು ಬೇರಿಂಗ್ ಮಾತ್ರ, ಉಳಿದವು ಹ್ಯಾಂಡಲ್ ಕಡೆಯವು. ಅಂಗಡಿಯಲ್ಲಿ ಖಾಲಿ ಸ್ಪೂಲ್ ತಿರುಗಿಸಿ ಎಷ್ಟು ಹೊತ್ತು ಸುತ್ತುತ್ತೆ ನೋಡಿ ಅಂತ ತೋರಿಸುತ್ತಾರೆ. ಅದರಿಂದಲೂ ಏನೂ ತಿಳಿಯುವುದಿಲ್ಲ.

ಗೇರ್ ಅನುಪಾತದಲ್ಲೂ ಚಿಕ್ಕ ರೀಲು ಒಂದು ಮೋಸ ಮಾಡುತ್ತದೆ. 7.2:1 ಅಂತ ಬರೆದಿದ್ದರೆ ಹ್ಯಾಂಡಲ್ ಒಂದು ಸುತ್ತಿಗೆ ಸ್ಪೂಲ್ 7.2 ಸುತ್ತು. ಲೈನ್ ತುಂಬಿದ ಸ್ಪೂಲಿನ ವ್ಯಾಸ 36 ಮಿಲಿಮೀಟರ್ ಇದ್ದರೆ 81 ಸೆಂಟಿಮೀಟರ್ ಲೈನ್ ಒಳಗೆ ಬರುತ್ತದೆ, 32 ಇದ್ದರೆ 72 ಮಾತ್ರ. ಜಿಗ್ ಎಳೆಯುವವರಿಗೆ, ಮೀನನ್ನು ಮರದಿಂದ ಬೇಗ ಹೊರಗೆ ತರಬೇಕಾದವರಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಅದಕ್ಕೆ ಚಿಕ್ಕ ರೀಲಿನಲ್ಲಿ 8ರ ಆಸುಪಾಸಿನ ಗೇರ್ ತಗೊಳ್ಳಿ. ಆಳಕ್ಕೆ ಇಳಿಯುವ ದೊಡ್ಡ ಕ್ರ್ಯಾಂಕ್‌ಬೇಟ್ (ಮೀನಿನಾಕಾರದ ಲ್ಯೂರ್) ಎಳೆಯೋದೇ ನಿಮ್ಮ ಇಷ್ಟ ಅಂದರೆ ಚಿಕ್ಕ ರೀಲು ಬೇಡವೇ ಬೇಡ. ಇಡೀ ದಿನ ಕೈ ಸೋಲುತ್ತದೆ.

ಅಂಗಡಿಗೆ ನಿಮ್ಮ ರಾಡನ್ನೇ ತಗೊಂಡು ಹೋಗಿ, ರೀಲು ಕಟ್ಟಿ ಹಿಡಿಯಿರಿ. ಹೆಬ್ಬೆರಳು ಚಾಚದೆ ಸ್ಪೂಲ್ ಮಧ್ಯಕ್ಕೆ ಕೂರಬೇಕು. ಹಿಡಿತ ಬದಲಿಸದೆ ಸ್ಪೂಲ್ ಬಿಡಿಸುವ ಬಟನ್ ಒತ್ತಲು ಬರಬೇಕು. ಡ್ರ್ಯಾಗ್, ಅಂದರೆ ಮೀನು ಎಳೆದಾಗ ಲೈನ್ ಬಿಟ್ಟುಕೊಡುವ ಬಿಗಿತ, ಸ್ವಲ್ಪ ಹೆಚ್ಚಿಸಿ ಲೈನ್ ಎಳೆಯಿರಿ. ತಟ್ಟನೆ ಹೊರಡದೆ ನಯವಾಗಿ ಶುರುವಾಗಬೇಕು. ಸ್ಪಿನ್ನಿಂಗ್‌ನಲ್ಲಿ ನೀವು ಎಡಗೈಯಲ್ಲಿ ಸುತ್ತುವವರಾದರೆ ಎಡಗೈ ಮಾಡೆಲ್ಲೇ ತಗೊಳ್ಳಿ. ಶಿಮಾನೊ ಕಂಪನಿಯ ರೀಲುಗಳಲ್ಲಿ ಮಾಡೆಲ್ ಸಂಖ್ಯೆ 70 ಅಂದರೆ ಬಲಗೈ, 71 ಅಂದರೆ ಎಡಗೈ. ಆನ್‌ಲೈನ್‌ನಲ್ಲಿ ತರಿಸುವವರು ಇಲ್ಲೇ ಎಡವುತ್ತಾರೆ.

ನಿಮ್ಮ 150 ಡಾಲರ್‌ನಲ್ಲಿ ಶಿಮಾನೊ ಎಸ್‌ಎಲ್‌ಎಕ್ಸ್‌ನ 70 ಅಳತೆಯದು ಮೊದಲು ಕೈಯಲ್ಲಿ ಹಿಡಿದು ನೋಡಿ. ಡೈವಾ ಟಾಟುಲಾ ಎಸ್‌ವಿ ರಿಯಾಯಿತಿಗೆ ಸಿಕ್ಕರೆ ಹೊಸಬರಿಗೆ ಅದೇ ವಾಸಿ ಅಂತ ನನ್ನ ಅಭಿಪ್ರಾಯ. ಅದರ ಮ್ಯಾಗ್ನೆಟ್ ಬ್ರೇಕ್ ಎಸೆತದ ಶುರುವಿನಲ್ಲೇ ತಾನಾಗಿ ಜಾಸ್ತಿಯಾಗಿ ಆಮೇಲೆ ಸಡಿಲವಾಗುತ್ತದೆ. ಒಂದು ಕಂಪನಿಯ 70ಕ್ಕೂ ಇನ್ನೊಂದರ 100ಕ್ಕೂ ಸಂಖ್ಯೆ ನೋಡಿ ಹೋಲಿಸಬೇಡಿ, ಅದಕ್ಕೆ ಎಲ್ಲರಿಗೂ ಒಂದೇ ಅಳತೆ ಅಂತ ಇಲ್ಲ.

ಊರಿಗೆ ಹೋದಾಗ ಕೆರೆಯಲ್ಲಿ ಕೊರವ ಮೀನು ಹಿಡಿಯಲು ಆಗುತ್ತಾ ಅಂತಲೂ ಕೇಳಿದ್ದೀರಿ. ಆಗುತ್ತೆ. ಕಪ್ಪೆ ಲ್ಯೂರ್ ಸಾಕಷ್ಟು ಭಾರ ಇರುತ್ತದೆ, ಚಿಕ್ಕ ರೀಲಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಅದಕ್ಕೆ ಹೆಣೆದ ಬ್ರೇಡ್ ಲೈನ್ ಬೇಕು. ಅದನ್ನು ನೇರವಾಗಿ ಸ್ಪೂಲಿಗೆ ಕಟ್ಟಿದರೆ ಮೀನು ಎಳೆದಾಗ ಇಡೀ ಲೈನ್ ಸ್ಪೂಲ್ ಮೇಲೆ ಜಾರುತ್ತದೆ. ಅಲ್ಲೂ ಕೆಳಗೆ ನಾಲ್ಕು ಸುತ್ತು ನೈಲಾನ್ ಹಾಕಿಕೊಳ್ಳಿ.