ಕಿವಿಗೆ ಆಪರೇಷನ್ ಆದರೆ ನಾಲಿಗೆಗೇಕೆ ತೊಂದರೆ?

ಪ್ರಶ್ನೆ: ವಿಜಯಪುರದಲ್ಲಿ ಖಾನಾವಳಿ ನಡೆಸುತ್ತೇನೆ. ಕಿವಿತಮಟೆಯ ತೂತು ಮುಚ್ಚಲು ಮೂರು ತಿಂಗಳ ಹಿಂದೆ ಬಲಗಿವಿಗೆ ಆಪರೇಷನ್ ಆಯಿತು. ಅಂದಿನಿಂದ ನಾಲಿಗೆಯ ಬಲಭಾಗ ಮರಗಟ್ಟಿದಂತಿದೆ, ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡಂತಾಗುತ್ತದೆ. ಬದನೆಕಾಯಿ ಎಣ್ಣೆಗಾಯಿಯ ಉಪ್ಪು ತಿಳಿಯುವುದಿಲ್ಲ, ಖಾರ ಮಾತ್ರ ಎಂದಿನಂತಿದೆ. ರುಚಿ ಮರಳುತ್ತದೆಯೇ? ಎಡಗಿವಿಗೂ ಆಪರೇಷನ್ ಬೇಕೆಂದಿದ್ದಾರೆ.
– ಓದುಗರು, ವಿಜಯಪುರ

ಉತ್ತರ: ಹತ್ತಾರು ಜನರಿಗೆ ಉಣಬಡಿಸುವ ನಿಮಗೆ ಉಪ್ಪಿನ ಹದ ತಪ್ಪುವುದು ಸಣ್ಣ ಕಷ್ಟವಲ್ಲ. ಆದರೆ ನಿಮ್ಮ ನಾಲಿಗೆ ಕೆಟ್ಟಿಲ್ಲ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿಯನ್ನು ಮಿದುಳಿಗೆ ಒಯ್ಯುವ ನರ ಕಿವಿಯ ಮೂಲಕವೇ ಹಾದುಹೋಗುತ್ತದೆ. ಕಾರ್ಡಾ ಟಿಂಪನಿ ಎಂಬ ಈ ಎಳೆ ಕಿವಿತಮಟೆಯ ಒಳಬದಿಯಲ್ಲಿ, ಎರಡು ಪುಟ್ಟ ಮೂಳೆಗಳ ನಡುವೆ ದಾಟುತ್ತದೆ. ತಮಟೆಯನ್ನು ಎತ್ತಿ ಕೆಲಸ ಮಾಡುವಾಗ, ಎಷ್ಟೇ ನುರಿತ ಕೈಯಾದರೂ, ಅದು ಎಳೆದಂತಾಗಬಹುದು ಅಥವಾ ಒಣಗಬಹುದು. ಕೆಲವೊಮ್ಮೆ ಕತ್ತರಿಸಲೇಬೇಕಾಗುತ್ತದೆ. ಇದನ್ನು ಆಪರೇಷನ್ನಿಗೆ ಮೊದಲೇ ರೋಗಿಗೆ ಬಿಡಿಸಿ ಹೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಖಾರದ ಬಗ್ಗೆ ನೀವು ಗಮನಿಸಿದ್ದು ಬಹಳ ಮುಖ್ಯ. ಖಾರ ರುಚಿಯಲ್ಲ, ಉರಿ. ಉರಿ, ಸ್ಪರ್ಶ, ಬಿಸಿ, ತಂಪು ಇವನ್ನೆಲ್ಲ ಒಯ್ಯುವ ನರ ಬೇರೆ. ಹತ್ತಿಯಿಂದ ನಾಲಿಗೆಯ ಬಲಬದಿಯನ್ನು ಮುಟ್ಟಿ ನೋಡಿ: ಮುಟ್ಟಿದ್ದು ಗೊತ್ತಾದರೆ ಆ ನರ ಸುರಕ್ಷಿತವಾಗಿದೆ, ರುಚಿ ಕುಂದಿದ್ದೇ ಮರಗಟ್ಟಿದಂತೆ ಅನಿಸುತ್ತಿದೆ. ಗೊತ್ತಾಗದಿದ್ದರೆ ವೈದ್ಯರಿಗೆ ತಿಳಿಸಿ.

ಹೆಚ್ಚಿನವರಲ್ಲಿ ಕೆಲವು ತಿಂಗಳಿಂದ ಒಂದು ವರ್ಷದೊಳಗೆ ತೊಂದರೆ ಇಳಿಯುತ್ತದೆ. ನರ ಪೂರ್ತಿ ಚೇತರಿಸದಿದ್ದರೂ ಉಳಿದ ಭಾಗದ ರುಚಿಗೆ ಮನಸ್ಸು ಒಗ್ಗಿಕೊಳ್ಳುತ್ತದೆ. ಇದನ್ನು ಬೇಗ ಗುಣಪಡಿಸುವ ಖಚಿತ ಔಷಧವಿಲ್ಲ, ಮಾತ್ರೆಗಳಿಗೆ ಹಣ ಸುರಿಯಬೇಡಿ. ಸದ್ಯಕ್ಕೆ ಉಪ್ಪನ್ನು ಚಮಚದಲ್ಲಿ ಅಳೆದು ಹಾಕಿ, ಸಾರನ್ನು ನಾಲಿಗೆಯ ಎಡಬದಿಯಲ್ಲಿ ಸವಿದು ನೋಡಿ. ಕೆಲವು ಜೊಲ್ಲಿನ ಗ್ರಂಥಿಗಳಿಗೂ ಇದೇ ನರ ಆಧಾರ. ಬಾಯಿ ಒಣಗಿದರೆ ಆಗಾಗ ನೀರು ಗುಟುಕರಿಸಿ. ಮುಖ ಒಂದು ಕಡೆ ವಾಲಿದರೆ, ಕಣ್ಣು ಮುಚ್ಚಲಾಗದಿದ್ದರೆ, ತೀವ್ರ ತಲೆಸುತ್ತು ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಕಿವಿ ಸೋರಿದರೂ ತಡಮಾಡದೆ ತೋರಿಸಿ.

ಎಡಗಿವಿಯ ವಿಷಯದಲ್ಲಿ ಆತುರ ಬೇಡ. ಎರಡೂ ಬದಿಯ ನರಗಳು ಘಾಸಿಗೊಂಡರೆ ರುಚಿಯ ನಷ್ಟವೂ ಬಾಯಿಯ ಒಣಗುವಿಕೆಯೂ ಬಹಳ ಕಾಡುತ್ತವೆ. ನಿಮ್ಮ ಈಗಿನ ಸ್ಥಿತಿಯನ್ನೂ ನಿಮ್ಮ ವೃತ್ತಿಯನ್ನೂ ಶಸ್ತ್ರವೈದ್ಯರಿಗೆ ಹೇಳಿ, ಬಲಬದಿಯ ರುಚಿ ಮರಳುವವರೆಗೆ ಕಾಯಬಹುದೇ ಎಂದು ನೇರವಾಗಿ ಕೇಳಿ.