ಸುಮ್ಮನೆ ಕುಳಿತಾಗ ನಡುಗುವ ಕೈ

ಪ್ರಶ್ನೆ: ನನ್ನ ತಂದೆಯವರಿಗೆ 68 ವರ್ಷ. ಟಿವಿ ನೋಡುತ್ತ ಕುಳಿತಾಗ ಅವರ ಬಲಗೈ ನಡುಗುತ್ತದೆ. ಚಹಾದ ಲೋಟ ಎತ್ತಿಕೊಂಡರೆ ನಡುಕ ನಿಲ್ಲುತ್ತದೆ. ನಡಿಗೆಯೂ ನಿಧಾನವಾಗಿದೆ. ವಯಸ್ಸಾಯಿತೆಂದು ಬಿಟ್ಟುಬಿಡಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಬಿಡಬೇಡಿ. ಒಂದೇ ಬದಿಯಲ್ಲಿ ಆರಂಭವಾಗಿ, ವಿಶ್ರಾಂತಿಯಲ್ಲಿ ಕಾಣಿಸಿಕೊಂಡು, ಕೆಲಸಕ್ಕೆ ಕೈ ಹಾಕಿದಾಗ ತಗ್ಗುವ ನಡುಕವು ಪಾರ್ಕಿನ್ಸನ್ ಕಾಯಿಲೆಯ ಲಕ್ಷಣವಿರಬಹುದು. ಲೋಟ ಎತ್ತುವಾಗಲೇ ಹೆಚ್ಚುವ ನಡುಕಕ್ಕೆ ಸಾಮಾನ್ಯವಾಗಿ ಕಾರಣ ಬೇರೆ. ಪಾರ್ಕಿನ್ಸನ್ ಕಾಯಿಲೆಯಲ್ಲಾದರೆ, ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಕ್ರಮೇಣ ನಶಿಸುವುದರಿಂದ ಚಲನೆಯ ಮೇಲಿನ ಹಿಡಿತ ತಪ್ಪುತ್ತದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರಿಸಿದ ಕಾಲದಿಂದಲೂ ಜನರ ಗಮನವೆಲ್ಲ ನಡುಕದ ಮೇಲೆಯೇ ಇದೆ. ಆದರೆ ರೋಗನಿರ್ಣಯದಲ್ಲಿ ವೈದ್ಯರು ಮುಖ್ಯವಾಗಿ ಹುಡುಕುವುದು ಚಲನೆಯ ನಿಧಾನವನ್ನು. ಅಂಗಿಯ ಗುಂಡಿ ಹಾಕಲು ತಡವಾಗುವುದು, ಅಕ್ಷರ ಬರೆಬರೆಯುತ್ತ ಚಿಕ್ಕದಾಗುವುದು, ನಡೆಯುವಾಗ ಒಂದು ಕೈ ಬೀಸದಿರುವುದು, ಮುಖ ಭಾವರಹಿತವಾಗಿ ಕಾಣುವುದು ಇವೆಲ್ಲ ಅದರ ಗುರುತುಗಳೇ. (ಇದನ್ನು ಸೋಮಾರಿತನವೆಂದೋ ಸಿಡುಕೆಂದೋ ಮನೆಯವರು ತಪ್ಪು ತಿಳಿಯುವುದುಂಟು.) ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬಡಿಯುವುದು ಎಷ್ಟೋ ವರ್ಷ ಮೊದಲೇ ಆರಂಭವಾಗಿರಬಹುದು, ತಾಯಿಯವರನ್ನು ಕೇಳಿ ನೋಡಿ.

ನರರೋಗ ತಜ್ಞರಿಗೆ ತೋರಿಸಿ. ಮುಂಬಯಿಯ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲೂ ಈ ವಿಭಾಗವಿದೆ. ತಂದೆಯವರು ಸೇವಿಸುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಒಯ್ಯಿರಿ, ಏಕೆಂದರೆ ವಾಂತಿಗೆ ಹಾಗೂ ಮಾನಸಿಕ ಕಾಯಿಲೆಗಳಿಗೆ ಕೊಡುವ ಕೆಲವು ಔಷಧಗಳಿಂದಲೂ ಇಂತಹ ಲಕ್ಷಣಗಳು ಉಂಟಾಗುತ್ತವೆ. ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಇಲ್ಲವಾದರೂ, ಲೆವೊಡೋಪಾದಂತಹ ಔಷಧ ಮತ್ತು ನಿಯಮಿತ ವ್ಯಾಯಾಮದಿಂದ ದೈನಂದಿನ ಬದುಕು ಬಹಳಷ್ಟು ಸಲೀಸಾಗುತ್ತದೆ. ಔಷಧ ಆರಂಭಿಸಿದ ಮೇಲೆ ವೈದ್ಯರನ್ನು ಕೇಳದೆ ಅದನ್ನು ಹಠಾತ್ತನೆ ನಿಲ್ಲಿಸಬಾರದು.